ಯಾರ ಲೆಕ್ಕಕ್ಕೂ ಸೇರದ ಅರ್ಧ ಕಿಲೊಮೀಟರು

ಹೊಸ ಬಸ್ ನಿಲ್ದಾಣವೋ ರೈಲು ನಿಲ್ದಾಣವೋ ಉದ್ಘಾಟನೆಗೊಂಡಾಗ ಪತ್ರಿಕೆಗಳಿಗೆ ಬರುವ ವಿವರಗಳು ಬಹುತೇಕ ಒಂದೇ ಬಗೆಯವು. ನಿವೇಶನ ಎಷ್ಟು ಎಕರೆ, ವೆಚ್ಚ ಎಷ್ಟು ಕೋಟಿ, ಅಂಕಣಗಳೆಷ್ಟು, ಲಿಫ್ಟುಗಳೆಷ್ಟು, ಎಷ್ಟು ಕಾರುಗಳ ನಿಲುಗಡೆಗೆ ಸ್ಥಳವಿದೆ ಎಂಬುದನ್ನು ತಪ್ಪದೆ ತಿಳಿಸಲಾಗುತ್ತದೆ. ಅಲ್ಲಿ ಇಳಿದ ಪ್ರಯಾಣಿಕ ತನ್ನ ಮುಂದಿನ ವಾಹನ ಹತ್ತಲು ಎಷ್ಟು ದೂರ ನಡೆಯಬೇಕು, ಎಷ್ಟು ಹೊತ್ತು ಕಾಯಬೇಕು, ಎಷ್ಟು ಹಣ ತೆರಬೇಕು ಎಂಬ ಮಾಹಿತಿಯನ್ನು ಯಾರೂ ಕೊಡುವುದಿಲ್ಲ, ಕೇಳುವವರೂ ವಿರಳ. ನಿಲ್ದಾಣದಲ್ಲಿ ಯಾರ ಪ್ರಯಾಣವೂ ಮುಗಿಯುವುದಿಲ್ಲ, ಒಂದು ವಾಹನದಿಂದ ಇನ್ನೊಂದಕ್ಕೆ ಬದಲಾಗುತ್ತದೆ ಅಷ್ಟೆ. ಈ ಸರಳ ಸಂಗತಿಯನ್ನು ಮರೆತದ್ದರಿಂದ ಕಳೆದ ಎರಡು ದಶಕಗಳಲ್ಲಿ ಬೆಂಗಳೂರು ತೆತ್ತಿರುವ ಬೆಲೆ ಸಣ್ಣದಲ್ಲ.

ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣವನ್ನೇ ನೋಡೋಣ. ಸುಮಾರು 40 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಈ ನಿಲ್ದಾಣ 2014ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಅದರ ಹಿಂದಿನ ಆಲೋಚನೆಯನ್ನು ಅವಿವೇಕವೆನ್ನಲಾಗದು. ತುಮಕೂರು ರಸ್ತೆಯ ಮೂಲಕ ರಾಜಧಾನಿಗೆ ಬರುವ ಬಸ್ಸುಗಳು ಪೀಣ್ಯದಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ದಟ್ಟಣೆಯ ಹೊತ್ತಿನಲ್ಲಿ ಗಂಟೆಗಟ್ಟಲೆ ಕಾಲ ವ್ಯರ್ಥವಾಗುತ್ತದೆ, ಡೀಸೆಲ್ ಸುಡುತ್ತದೆ, ನಗರದ ಹೃದಯಭಾಗದ ಒತ್ತಡ ಹೆಚ್ಚುತ್ತದೆ. ಹೊರವಲಯದಲ್ಲೇ ಅವುಗಳನ್ನು ತಡೆದು ನಿಲ್ಲಿಸಿದರೆ ಎಲ್ಲರಿಗೂ ಹಿತ ಎಂಬುದು ಲೆಕ್ಕಾಚಾರ. ಆದರೆ ಪ್ರಯಾಣಿಕರು ಈ ನಿಲ್ದಾಣವನ್ನು ಒಪ್ಪಲಿಲ್ಲ. ಅಲ್ಪಕಾಲದಲ್ಲೇ ಬಸ್ಸುಗಳು ಮೆಜೆಸ್ಟಿಕ್‌ಗೆ ಮರಳಿದವು. ವಿಶಾಲವಾದ ಕಟ್ಟಡ ಹಲವು ವರ್ಷ ಬಹುಮಟ್ಟಿಗೆ ನಿರುಪಯುಕ್ತವಾಗಿ ಉಳಿಯಿತು.

ಜನ ಒಪ್ಪಲಿಲ್ಲವೇಕೆ? ‘ಹೊಸದಕ್ಕೆ ಒಗ್ಗಿಕೊಳ್ಳುವ ಮನಸ್ಸು ನಮ್ಮವರಿಗಿಲ್ಲ’ ಎಂಬ ಉತ್ತರ ಸುಲಭದ್ದು. ನಿಜವಾದ ಉತ್ತರ ದಿನಾಂಕಗಳಲ್ಲಿದೆ. ನಿಲ್ದಾಣ ತೆರೆದಾಗ ಮೆಟ್ರೊದ ಹಸಿರು ಮಾರ್ಗ ಪೀಣ್ಯದ ಕಡೆಯಿಂದ ಸಂಪಿಗೆ ರಸ್ತೆಯವರೆಗೆ ಮಾತ್ರ ಓಡುತ್ತಿತ್ತು. ಮೆಜೆಸ್ಟಿಕ್‌ಗೆ ಇನ್ನೊಂದೇ ನಿಲ್ದಾಣ ಬಾಕಿಯಿತ್ತು. ಆ ಒಂದು ನಿಲ್ದಾಣದ ಅಂತರವನ್ನು ಮೆಟ್ರೊ ಕ್ರಮಿಸಿದ್ದು 2017ರ ಜೂನ್‌ನಲ್ಲಿ. ಅಂದರೆ ಮುಖ್ಯ ಕೊಂಡಿ ಸಿದ್ಧವಾಗುವುದಕ್ಕೆ ಸುಮಾರು ಮೂರು ವರ್ಷ ಮೊದಲೇ ನಿಲ್ದಾಣವನ್ನು ತೆರೆಯಲಾಯಿತು. ಕೊಂಡಿ ಕೂಡಿದಾಗ ನಿಲ್ದಾಣದಲ್ಲಿ ಬಸ್ಸುಗಳಿರಲಿಲ್ಲ. ಮೇಲಾಗಿ ಉತ್ತರ ಕರ್ನಾಟಕದಿಂದ ರಾತ್ರಿ ಹೊರಟ ಬಸ್ಸುಗಳು ನಗರ ಮುಟ್ಟುವುದು ಬೆಳಗಿನ ಜಾವ, ಮೆಟ್ರೊ ಇನ್ನೂ ಕಣ್ಣು ಬಿಡದ ಹೊತ್ತಿನಲ್ಲಿ. ಆಗ ಚೀಲ, ಮಕ್ಕಳು, ವೃದ್ಧರೊಡನೆ ಇಳಿದವರಿಗೆ ಉಳಿಯುವ ಆಯ್ಕೆ ಆಟೊ ಒಂದೇ.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲಿ ನಡೆದದ್ದು ವೆಚ್ಚದ ಉಳಿತಾಯವಲ್ಲ, ವೆಚ್ಚದ ವರ್ಗಾವಣೆ. ಬಸ್ಸು ಹೊರವಲಯದಲ್ಲೇ ನಿಂತರೆ ಉಳಿಯುವ ಡೀಸೆಲ್ ಮತ್ತು ಸಿಬ್ಬಂದಿಯ ಸಮಯ ಸಾರಿಗೆ ನಿಗಮದ ಲೆಕ್ಕಪತ್ರದಲ್ಲಿ ಕಾಣಿಸುತ್ತದೆ. ಪ್ರಯಾಣಿಕ ಹೆಚ್ಚಾಗಿ ತೆತ್ತ ಆಟೊ ಬಾಡಿಗೆ, ಕಾದ ಹೊತ್ತು, ಹೊತ್ತ ಭಾರ ಯಾವ ಲೆಕ್ಕಪತ್ರದಲ್ಲೂ ಕಾಣಿಸುವುದಿಲ್ಲ. ಉದಾಹರಣೆಗಾಗಿ, ಬಸ್ಸೊಂದು ಒಂದು ಗಂಟೆ ಉಳಿಸಿತೆನ್ನೋಣ. ಅದರಲ್ಲಿದ್ದ 50 ಮಂದಿಯ ಪ್ರಯಾಣ ಮೊದಲಿಗಿಂತ ಅರ್ಧ ಗಂಟೆ ದೀರ್ಘವಾದರೆ, ಸಮಾಜ ಒಂದು ಬಸ್ಸಿನ ಒಂದು ಗಂಟೆಗಾಗಿ ಜನರ 25 ಗಂಟೆಗಳನ್ನು ತೆತ್ತಂತಾಯಿತು. ವಾಹನದೊಳಗೆ ಕುಳಿತು ಕಳೆದ ಸಮಯಕ್ಕಿಂತ ನಡೆಯುತ್ತ, ಕಾಯುತ್ತ ಕಳೆದ ಸಮಯ ಹೆಚ್ಚು ಭಾರವಾದದ್ದು ಎಂಬುದು ಸಾರಿಗೆ ಅರ್ಥಶಾಸ್ತ್ರದ ಪ್ರಾಥಮಿಕ ಪಾಠ. ಸಾಮಾನ್ಯವಾಗಿ ಅದನ್ನು ಸುಮಾರು ಎರಡು ಪಟ್ಟು ಎಂದು ಎಣಿಸುವ ರೂಢಿಯಿದೆ. ಬಿಸಿಲಿನಲ್ಲಿ ಗಂಟುಮೂಟೆ ಹೊತ್ತು ರಸ್ತೆ ದಾಟಿದವರಿಗೆ ಇದನ್ನು ಪಠ್ಯಪುಸ್ತಕ ಕಲಿಸಬೇಕಾಗಿಲ್ಲ.

ರೈಲ್ವೆಯ ಅನುಭವವೂ ಇದಕ್ಕಿಂತ ಭಿನ್ನವಲ್ಲ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಸುಮಾರು 314 ಕೋಟಿ ರೂಪಾಯಿ ವೆಚ್ಚದ, ಏಳು ಪ್ಲಾಟ್‌ಫಾರಂಗಳ, ಹವಾನಿಯಂತ್ರಿತ ಸೊಗಸಾದ ನಿಲ್ದಾಣ. ಬಹುಮಟ್ಟಿಗೆ 2021ರಲ್ಲೇ ಸಿದ್ಧವಾಗಿದ್ದ ಅಲ್ಲಿಂದ ರೈಲುಗಳು ಹೊರಡತೊಡಗಿದ್ದು 2022ರ ಜೂನ್‌ನಲ್ಲಿ. ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣವಾದರೋ 2011ರ ಅಕ್ಟೋಬರ್‌ನಿಂದಲೇ ಇತ್ತು; ನಗರದ ಮೊತ್ತಮೊದಲ ಮೆಟ್ರೊ ಮಾರ್ಗದ ಒಂದು ತುದಿಯೇ ಅದು. ಎರಡರ ಹೆಸರಿನಲ್ಲೂ ಬೈಯಪ್ಪನಹಳ್ಳಿ ಇದೆ. ನಡುವೆ ಕಿಲೊಮೀಟರಿಗೂ ಮೀರಿದ ಅಂತರವಿದೆ. ರೈಲು ನಿಲ್ದಾಣ ತೆರೆದಾಗ ಇವೆರಡನ್ನು ಕೂಡಿಸುವ ನೇರವಾದ, ಮಳೆ ಬಿಸಿಲಿಗೆ ಅಂಜದ ಕಾಲುದಾರಿ ಇರಲಿಲ್ಲ. ಒಂದು ನಿಲ್ದಾಣ ಆಗಲೇ ಇದ್ದಾಗ ಇನ್ನೊಂದನ್ನು ಕಟ್ಟಿದವರಿಗೆ ಈ ಅಂತರ ಕಾಣಿಸಲಿಲ್ಲವೆನ್ನಲಾಗದು. ಅದು ಯಾರ ಅಂದಾಜುಪಟ್ಟಿಯಲ್ಲೂ ಸೇರಲಿಲ್ಲ ಎನ್ನುವುದೇ ಸರಿ.

ಈ ಟರ್ಮಿನಲ್ಲಿನಿಂದ ಹೊರಡುವವರು ಯಾರೆಂಬುದನ್ನೂ ಗಮನಿಸಬೇಕು. ಬಂಗಾಳ, ಬಿಹಾರ, ಒಡಿಶಾಗಳಿಗೆ ಹೋಗುವ ದುಡಿಯುವ ಜನ ಇಲ್ಲಿಂದ ರೈಲು ಹತ್ತುತ್ತಾರೆ. ಕರಾವಳಿಯ ಮುರ್ಡೇಶ್ವರಕ್ಕೆ ಇಲ್ಲಿಂದ ರೈಲು ಓಡಿದೆ. ದೂರದ ಪ್ರಯಾಣಕ್ಕೆ ಎರಡನೆಯ ದರ್ಜೆಯ ಟಿಕೆಟ್ ಪಡೆದವರು ನಿಲ್ದಾಣ ಮುಟ್ಟುವುದಕ್ಕೇ ನೂರಾರು ರೂಪಾಯಿ ತೆರಬೇಕಾಗಿ ಬರುವುದು ಯೋಜನೆಯ ಯಶಸ್ಸೆನಿಸದು.

ಇಂಥ ಲೋಪ ಬೆಂಗಳೂರಿನ ವಿಶೇಷವೂ ಅಲ್ಲ. ನೆರೆಯ ಚೆನ್ನೈನಲ್ಲಿ ಕೋಯಂಬೇಡಿನ ದಟ್ಟಣೆ ತಗ್ಗಿಸಲು 88 ಎಕರೆಯ ಕಿಳಾಂಬಾಕ್ಕಂ ನಿಲ್ದಾಣವನ್ನು 2023ರ ಡಿಸೆಂಬರ್ 30ರಂದು ಉದ್ಘಾಟಿಸಲಾಯಿತು. ಉಪನಗರ ರೈಲಿನ ಹಳಿ ಹೆದ್ದಾರಿಯ ಆಚೆ, ಎದುರಿನಲ್ಲೇ ಹಾದುಹೋಗುತ್ತದೆ. ಆದರೆ ರೈಲು ಅಲ್ಲಿ ನಿಲ್ಲುವ ವ್ಯವಸ್ಥೆ ಆ ದಿನ ಆಗಿರಲಿಲ್ಲ. ಹೊರವಲಯಕ್ಕೆ ಸ್ಥಳಾಂತರಗೊಂಡ ಪ್ರಯಾಣಿಕರ ಅಸಮಾಧಾನಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಾಗೆಂದು ಹೊರವಲಯದ ನಿಲ್ದಾಣಗಳೆಲ್ಲ ಸೋಲುತ್ತವೆಯೆಂದು ತೀರ್ಮಾನಿಸುವುದೂ ತಪ್ಪಾದೀತು. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ ವರ್ಷಗಳಿಂದ ಬಳಕೆಯಲ್ಲಿದೆ. ಅದೇನೂ ಭವ್ಯವಾದ ಕಟ್ಟಡವಲ್ಲ. ಆದರೆ ಅದರ ಮುಂದಿನ ರಸ್ತೆಯಲ್ಲಿ ಮಾರುಕಟ್ಟೆ, ಮೆಜೆಸ್ಟಿಕ್‌ಗಳ ಕಡೆಗೆ ನಗರ ಸಾರಿಗೆಯ ಬಸ್ಸುಗಳು ಬೆನ್ನುಬೆನ್ನಿಗೆ ಬರುತ್ತವೆ. 2015ರಿಂದ ಮೆಟ್ರೊ ಕೂಡ ಸಮೀಪಕ್ಕೆ ಬಂದಿದೆ. ದೇವನಹಳ್ಳಿಯ ವಿಮಾನ ನಿಲ್ದಾಣ ನಗರದಿಂದ ಇವೆಲ್ಲಕ್ಕಿಂತ ದೂರ. ಆದರೂ 2008ರ ಮೇ ತಿಂಗಳಲ್ಲಿ ಅದು ಆರಂಭವಾದೊಡನೆಯೇ ನಗರದ ನಾನಾ ಭಾಗಗಳಿಂದ ವಾಯುವಜ್ರ ಬಸ್ಸುಗಳು ಓಡತೊಡಗಿದವು. ವಿಮಾನ ಏರುವವನಿಗಾಗಿ ಮೊದಲ ದಿನವೇ ಯೋಚಿಸಬಲ್ಲ ಆಡಳಿತ, ಕೆಂಪು ಬಸ್ಸಿನಿಂದ ಇಳಿಯುವವನಿಗಾಗಿ ಯೋಚಿಸಲು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗಿಲ್ಲ.

ಇನ್ನೊಂದು ಬಗೆಯ ಪ್ರಯೋಗವನ್ನೂ ನಗರ ಕಂಡಿದೆ. 2005ರ ಡಿಸೆಂಬರ್‌ನಲ್ಲಿ ಆರಂಭವಾದ ಕೇಂದ್ರದ ನರ್ಮ್ ಯೋಜನೆಯ ನೆರವಿನಿಂದ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಶಾಂತಿನಗರ, ಯಶವಂತಪುರ, ಜಯನಗರ, ವಿಜಯನಗರ, ಕೆಂಗೇರಿ ಮೊದಲಾದೆಡೆ ಬಹುಮಹಡಿ ಸಂಚಾರ ನಿರ್ವಹಣಾ ಕೇಂದ್ರಗಳನ್ನು ಕಟ್ಟಿತು. ಕೆಳಗೆ ಬಸ್ಸು, ಮೇಲೆ ಮಳಿಗೆ ಮತ್ತು ಕಚೇರಿ. ಬಾಡಿಗೆಯಿಂದ ಸಂಸ್ಥೆಗೆ ಆಧಾರ. ಟಿಕೆಟ್ ದರ ಏರಿಸಲಾಗದ ಸಾರ್ವಜನಿಕ ಸಂಸ್ಥೆ ಇತರ ವರಮಾನ ಹುಡುಕುವುದು ನ್ಯಾಯವೇ. ಆದರೆ ಅನೇಕ ಕಡೆ ಮೇಲಿನ ಮಹಡಿಗಳು ಬಹುಕಾಲ ಖಾಲಿ ಉಳಿದವು. ಬಾಡಿಗೆ ಹುಟ್ಟುವುದು ಜನಸಂಚಾರದಿಂದ. ಎಲ್ಲಿ ಬಸ್ಸು ಬದಲಿಸುವುದು ಸುಲಭವೋ ಅಲ್ಲಿ ಜನ ಸೇರುತ್ತಾರೆ, ಜನ ಸೇರಿದೆಡೆ ಅಂಗಡಿ ತಾನಾಗಿ ಬರುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಅಂಗಡಿಯೂ ಇಲ್ಲ, ಪ್ರಯಾಣಿಕನೂ ಇಲ್ಲ.

ಮೂಲ ದೋಷವಿರುವುದು ಆಡಳಿತದ ರಚನೆಯಲ್ಲಿ. ಬಸ್ ನಿಲ್ದಾಣದ ಗೋಡೆಯೊಳಗಿನದು ಸಾರಿಗೆ ನಿಗಮಕ್ಕೆ, ಹಳಿಯ ಬದಿಯದು ರೈಲ್ವೆಗೆ, ಕಂಬದ ಮೇಲಿನದು ಮೆಟ್ರೊ ನಿಗಮಕ್ಕೆ, ಕಾಲುದಾರಿ ಪಾಲಿಕೆಗೆ, ರಸ್ತೆಯ ಸಂಚಾರ ಪೊಲೀಸರಿಗೆ ಸೇರಿದ್ದು. ಪ್ರತಿಯೊಂದು ಇಲಾಖೆಯ ಕಡತವೂ ಅದರ ಗೋಡೆಯ ಬಳಿ ಮುಕ್ತಾಯವಾಗುತ್ತದೆ. ಎರಡು ಗೋಡೆಗಳ ನಡುವಿನ ಅರ್ಧ ಕಿಲೊಮೀಟರಿಗೆ ಕಡತವೂ ಇಲ್ಲ, ಅನುದಾನವೂ ಇಲ್ಲ, ಹೊಣೆಗಾರನೂ ಇಲ್ಲ. ಸರ್ಕಾರಿ ಸೇವೆಯಲ್ಲಿ ಕೆಲಕಾಲವಾದರೂ ಇದ್ದವರಿಗೆ ಇದು ಆಶ್ಚರ್ಯದ ವಿಷಯವಲ್ಲ. ಸಮನ್ವಯ ಸಭೆಗಳು ನಡೆಯುತ್ತವೆ, ನಡವಳಿಗಳು ದಾಖಲಾಗುತ್ತವೆ. ಹಣ ಯಾರು ಕೊಡಬೇಕೆಂಬ ಪ್ರಶ್ನೆ ಬಂದಾಗ ವಿಷಯ ಮುಂದಿನ ಸಭೆಗೆ ಹೋಗುತ್ತದೆ.

ಈ ತೊಂದರೆ ಸರ್ಕಾರಕ್ಕೆ ತಿಳಿಯದ್ದೇನಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯ 2007ರಲ್ಲೇ ಅಸ್ತಿತ್ವಕ್ಕೆ ಬಂದಿತು. ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕೆ ಶಾಸನದ ಬಲ ನೀಡುವ ಮಸೂದೆಯನ್ನು ವಿಧಾನಮಂಡಲ 2022ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಶಾಸನ ಅಗತ್ಯ, ಆದರೆ ಅದರ ಫಲ ಪ್ರಯಾಣಿಕನಿಗೆ ಸಿಗಬೇಕಾದರೆ ಅಧಿಕಾರ ನಿಲ್ದಾಣದ ಅಂಗಳದವರೆಗೆ ಇಳಿಯಬೇಕು. ಈ ನಿಟ್ಟಿನಲ್ಲಿ ನಾಲ್ಕು ಕ್ರಮಗಳನ್ನು ಸೂಚಿಸಬಹುದು.

ಮೊದಲನೆಯದಾಗಿ, ಸಂಪರ್ಕದ ವೆಚ್ಚವನ್ನು ನಿಲ್ದಾಣದ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು. ಮುಚ್ಚಿದ ಕಾಲುದಾರಿ, ಎಸ್ಕಲೇಟರ್, ನಗರ ಬಸ್ಸಿನ ಅಂಕಣ ಇವು ಪೂರ್ಣಗೊಳ್ಳುವವರೆಗೆ ಉದ್ಘಾಟನೆಯ ದಿನಾಂಕ ಗೊತ್ತುಪಡಿಸಬಾರದು. ಒಟ್ಟು ವೆಚ್ಚಕ್ಕೆ ಹೋಲಿಸಿದರೆ ಇದು ದೊಡ್ಡ ಮೊತ್ತವಲ್ಲ. ಆದರೆ ಇದಿಲ್ಲದೆ ಉಳಿದದ್ದೆಲ್ಲ ವ್ಯರ್ಥವಾಗಬಲ್ಲದು.

ಎರಡನೆಯದಾಗಿ, ಯಾವುದೇ ಸ್ಥಳಾಂತರಕ್ಕೆ ಮುನ್ನ ಪ್ರಯಾಣಿಕನ ಲೆಕ್ಕವನ್ನು ಪ್ರಕಟಿಸಬೇಕು. ಶಿವಮೊಗ್ಗದಿಂದಲೋ ಹಾವೇರಿಯಿಂದಲೋ ಕಿದ್ವಾಯಿ ಆಸ್ಪತ್ರೆಗೆ, ನಿಮ್ಹಾನ್ಸ್‌ಗೆ ಬರುವ ರೋಗಿಗೆ ಈಗ ತಗಲುವ ಸಮಯವೆಷ್ಟು, ಹಣವೆಷ್ಟು. ಬದಲಾದ ಮೇಲೆ ಎಷ್ಟು? ನಿಗಮದ ಉಳಿತಾಯದ ಪಕ್ಕದಲ್ಲೇ ಈ ಅಂಕಿಗಳೂ ಇದ್ದರೆ ನಿರ್ಧಾರಗಳು ಹೆಚ್ಚು ಪ್ರಾಮಾಣಿಕವಾಗುತ್ತವೆ. ಊರಿನಿಂದ ಪಡೆದ ಟಿಕೆಟ್ಟಿನಲ್ಲೇ ನಗರದೊಳಗಿನ ಪ್ರಯಾಣವನ್ನೂ ಸೇರಿಸಿದರೆ, ನಿಗಮ ತಾನು ಉಳಿಸಿದ್ದರಲ್ಲಿ ಒಂದಂಶವನ್ನು ಪ್ರಯಾಣಿಕನಿಗೆ ಹಿಂದಿರುಗಿಸಿದಂತಾಗುತ್ತದೆ.

ಮೂರನೆಯದಾಗಿ, ಪ್ರತಿ ದೊಡ್ಡ ನಿಲ್ದಾಣಕ್ಕೂ ಒಬ್ಬನೇ ಆಡಳಿತಾಧಿಕಾರಿ ಇರಬೇಕು. ನಿಗಮದ ಅಂಗಳ, ಮೆಟ್ರೊ ಬಾಗಿಲು, ಕಾಲುದಾರಿ, ಆಟೊ ಸಾಲು ಎಲ್ಲವೂ ಒಬ್ಬನ ಹೊಣೆಯಾಗಿರಬೇಕು. ಅವನ ಹೆಸರು ಮತ್ತು ದೂರವಾಣಿ ಸಂಖ್ಯೆ ನಿಲ್ದಾಣದ ಗೋಡೆಯ ಮೇಲಿರಬೇಕು.

ನಾಲ್ಕನೆಯದು ಸೇವೆಗಳ ಮಾತು. ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಯಾದ ಮೇಲೆ ಬಸ್ಸುಗಳಲ್ಲಿ ಮಹಿಳೆಯರ ಸಂಖ್ಯೆ ಗಮನಾರ್ಹವಾಗಿ ಹೆಚ್ಚಿತು. ಶುಚಿಯಾದ ಶೌಚಾಲಯ, ಕುಡಿಯುವ ನೀರು, ಬೆಳಕು, ಕುಳಿತುಕೊಳ್ಳಲು ಬೆಂಚು ಇವು ಆ ಪ್ರಮಾಣದಲ್ಲಿ ಹೆಚ್ಚಿವೆಯೇ ಎಂಬುದನ್ನು ಓದುಗರೇ ತಮ್ಮ ಸಮೀಪದ ನಿಲ್ದಾಣಕ್ಕೆ ಹೋಗಿ ನೋಡಬಹುದು. ನೂರಾರು ಕಿಲೊಮೀಟರು ಉಚಿತವಾಗಿ ಬಂದ ಮಹಿಳೆ ಕೊನೆಯ ಮೂರು ಕಿಲೊಮೀಟರಿಗೆ ಆಟೊದವನು ಕೇಳಿದಷ್ಟು ಕೊಡಬೇಕಾದರೆ ಯೋಜನೆಯ ಉದ್ದೇಶ ಅರ್ಧದಲ್ಲೇ ನಿಲ್ಲುತ್ತದೆ. ಅಂಗವಿಕಲರ ಹಕ್ಕುಗಳ ಕುರಿತ 2016ರ ಕಾಯ್ದೆಯ 41ನೆಯ ಕಲಂ ಬಸ್, ರೈಲು ಮತ್ತು ವಿಮಾನ ನಿಲ್ದಾಣಗಳಲ್ಲಿ ಶೌಚಾಲಯ, ಟಿಕೆಟ್ ಕೌಂಟರ್, ವಾಹನ ನಿಲುಗಡೆಗಳನ್ನು ಅವರಿಗೆ ಎಟಕುವಂತೆ ರೂಪಿಸಬೇಕೆನ್ನುತ್ತದೆ. ಗಾಲಿಕುರ್ಚಿ ಹತ್ತಬಲ್ಲ ಇಳಿಜಾರು ಕಾನೂನಿನ ಅಗತ್ಯವೇ ಹೊರತು ಗುತ್ತಿಗೆದಾರನ ಔದಾರ್ಯವಲ್ಲ.

ಇದನ್ನೆಲ್ಲ ಈಗ ಹೇಳಬೇಕಾದ ತುರ್ತಿದೆ. ನಾಲ್ಕು ಮಾರ್ಗಗಳ, 148 ಕಿಲೊಮೀಟರು ಉದ್ದದ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಹೆಬ್ಬಾಳದಲ್ಲಿ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗ, ಉಪನಗರ ರೈಲು ಮತ್ತು ಹೊರವರ್ತುಲ ರಸ್ತೆಯ ಬಸ್ಸುಗಳು ಒಂದೆಡೆ ಕೂಡಬೇಕಾಗಿದೆ. ಧರ್ಮಾಂಬುಧಿ ಕೆರೆಯಂಗಳದಲ್ಲಿ ತಲೆಯೆತ್ತಿದ ಮೆಜೆಸ್ಟಿಕ್ ಬಸ್ ನಿಲ್ದಾಣದ ಮರುನಿರ್ಮಾಣದ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಮೆಜೆಸ್ಟಿಕ್‌ನಲ್ಲಿ ಎಷ್ಟೇ ಗದ್ದಲ, ಕೊಳಕು ಇದ್ದರೂ ಜನ ಅದನ್ನು ಬಿಡದಿರುವುದಕ್ಕೆ ಕಾರಣ ಒಂದೇ: ರೈಲು, ಊರ ಬಸ್ಸು, ನಗರದ ಬಸ್ಸು, ಮೆಟ್ರೊ ನಾಲ್ಕೂ ಅಲ್ಲಿ ಕಾಲ್ನಡಿಗೆಯ ಅಂತರದಲ್ಲಿ ಸಿಗುತ್ತವೆ. ಮರುನಿರ್ಮಾಣದಲ್ಲಿ ಗಾಜಿನ ಗೋಪುರಗಳು ಎದ್ದು ಈ ಅಂತರ ಹೆಚ್ಚಿದರೆ, ಇರುವ ಒಂದು ಸೌಲಭ್ಯವನ್ನೂ ಕಳೆದುಕೊಂಡಂತಾಗುತ್ತದೆ.

ಕಾಂಕ್ರೀಟಿನಲ್ಲಿ ಒಮ್ಮೆ ಮೂಡಿದ ತಪ್ಪನ್ನು ತಿದ್ದಲು ದಶಕಗಳು ಬೇಕು. ನಕ್ಷೆಯಲ್ಲಿರುವುದನ್ನು ಒಂದು ಮಧ್ಯಾಹ್ನದಲ್ಲಿ ತಿದ್ದಬಹುದು. ಹೆಬ್ಬಾಳ ಮತ್ತು ಮೆಜೆಸ್ಟಿಕ್‌ನ ನಕ್ಷೆಗಳಿಗೆ ಒಪ್ಪಿಗೆಯ ಸಹಿ ಹಾಕುವ ಮುನ್ನ ಸಂಬಂಧಪಟ್ಟ ಸಚಿವರೂ ಅಧಿಕಾರಿಗಳೂ ಎರಡು ಚೀಲ ಹಿಡಿದು ಒಂದು ವಾಹನದಿಂದ ಇಳಿದು ಇನ್ನೊಂದನ್ನು ಹತ್ತುವವರೆಗಿನ ದಾರಿಯನ್ನು ಅಳೆದು ನೋಡಲಿ. ಆ ಅಳತೆಯನ್ನು ಉದ್ಘಾಟನೆಯ ಶಿಲಾಫಲಕದ ಮೇಲೆ ವೆಚ್ಚದ ಅಂಕಿಯ ಪಕ್ಕದಲ್ಲೇ ಕೆತ್ತಿಸುವ ಧೈರ್ಯ ಬಂದರೆ, ನಿಲ್ದಾಣ ಸರಿಯಾಗಿದೆಯೆಂದು ತಿಳಿಯಬಹುದು.