ಎಲ್ಡನ್ ರಿಂಗ್ ಕಷ್ಟ, ನಿಜ. ಸಹಾಯ ತಗೊಂಡ್ರೆ ಮೋಸಾನಾ?

ಈ ಸೆಮಿಸ್ಟರ್ ಶುರುವಿನಲ್ಲಿ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಜಗಳ ಆಯ್ತು. ಮೆಸ್ ಊಟಕ್ಕಲ್ಲ, ಬಿಸಿನೀರಿಗೂ ಅಲ್ಲ. ನಮ್ಮ ಗೆಳೆಯನೊಬ್ಬ ಎಲ್ಡನ್ ರಿಂಗ್ ಗೇಮಿನಲ್ಲಿ ಮಾರ್ಗಿಟ್ ಅನ್ನೋ ಬಾಸನ್ನು ಮೂರು ತೋಳಗಳ ಸಹಾಯ ತಗೊಂಡು ಸೋಲಿಸಿದ. "ಇದು ಗೆದ್ದ ಲೆಕ್ಕಕ್ಕೆ ಬರಲ್ಲ ಮಗಾ" ಅಂದ್ವಿ ನಾವೆಲ್ಲ. ಅವನು ಮಾತಾಡದೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದ. ಆವತ್ತು ನಾವು ಹೇಳಿದ್ದು ತಪ್ಪು ಅಂತ ಈಗ ಅನ್ನಿಸಿದೆ. ಅದಕ್ಕೇ ಈ ಬರಹ.

ಗೇಮ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀವಿ. ಎಲ್ಡನ್ ರಿಂಗ್ ಬಂದಿದ್ದು 2022ರ ಫೆಬ್ರವರಿಯಲ್ಲಿ. ಮಾಡಿದ್ದು ಜಪಾನಿನ ಫ್ರಮ್‌ಸಾಫ್ಟ್‌ವೇರ್, ನಿರ್ದೇಶಕರು ಹಿದೆತಾಕಾ ಮಿಯಾಜಾಕಿ. ಈಸಿ, ನಾರ್ಮಲ್, ಹಾರ್ಡ್ ಅಂತ ಆಯ್ಕೆಯೇ ಇಲ್ಲ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಶತ್ರುಗಳನ್ನು ಕೊಂದರೆ 'ರೂನ್' ಸಿಗುತ್ತೆ. ಲೆವೆಲ್ ಏರಿಸೋಕೂ ಅದೇ, ಸಾಮಾನು ಕೊಳ್ಳೋಕೂ ಅದೇ. ಸತ್ತರೆ ಅಷ್ಟೂ ರೂನ್ ಸತ್ತ ಜಾಗದಲ್ಲೇ ಬಿದ್ದಿರುತ್ತೆ. ಎತ್ತಿಕೊಳ್ಳೋಕೆ ಹೋಗುವಾಗ ಇನ್ನೊಂದು ಸಲ ಸತ್ತರೆ, ಮುಗೀತು ಕಥೆ.

ಮಾರ್ಗಿಟ್ ಹತ್ತಿರ ನಾವು ಸತ್ತಿದ್ದು 43 ಸಲ. ಅವನು ಕೋಲೆತ್ತಿ ಇನ್ನೇನು ಹೊಡೆದ ಅನ್ನುವಾಗ ಒಂದು ಕ್ಷಣ ತಡೀತಾನೆ. ನಾವು ಹೆದರಿ ಮೊದಲೇ ಉರುಳ್ತೀವಿ, ಉರುಳಿ ಏಳೋ ಹೊತ್ತಿಗೆ ಸರಿಯಾಗಿ ಏಟು ಬೀಳುತ್ತೆ. ಸಿಟ್ಟು ಬಂತು. ಆದರೆ ಪ್ರತಿ ಸಲವೂ ಯಾಕೆ ಸತ್ವಿ ಅಂತ ಗೊತ್ತಾಗ್ತಿತ್ತು. ಇಂಟರ್ನಲ್ಸ್‌ನಲ್ಲಿ 50ಕ್ಕೆ 17 ಬಂದಾಗ ಎಲ್ಲಿ ತಪ್ಪಿದ್ವಿ ಅಂತ ಎಷ್ಟೋ ಸಲ ತಿಳಿಯೋದೇ ಇಲ್ಲ. ಈ ಗೇಮ್ ಹಾಗಲ್ಲ, ತಪ್ಪನ್ನು ತೋರಿಸಿ, ಬಾ ಇನ್ನೊಮ್ಮೆ ಅನ್ನುತ್ತೆ. ಇಂಥ ಕಷ್ಟ ಇರಲೇಬೇಕು. ಈಸಿ ಮೋಡ್ ಕೊಡಿ ಅಂತ ನಾವು ಕೇಳ್ತಿಲ್ಲ.

ಕೇಳೋ ಅಗತ್ಯವೂ ಇಲ್ಲ ಅನ್ನಿ. ಸಹಾಯವನ್ನು ಗೇಮ್ ಒಳಗೇ ಇಟ್ಟಿದ್ದಾರೆ. ಆ ತೋಳಗಳನ್ನು ಕರೆಯೋ ಗಂಟೆ ಶುರುವಿನಲ್ಲೇ ಪಾಳುಬಿದ್ದ ಒಂದು ಚರ್ಚಿನ ಹತ್ತಿರ ಸಿಗುತ್ತೆ. ಮಾರ್ಗಿಟ್ ಬಾಗಿಲಿನ ಹೊರಗೆ ರೋಜಿಯರ್ ಅನ್ನೋ ಮಾಂತ್ರಿಕ ಜೊತೆಗೆ ಬರೋಕೆ ಕಾಯ್ತಿರ್ತಾನೆ. ಯಾರೂ ಬೇಡ ಅಂದ್ರೆ ದಕ್ಷಿಣಕ್ಕೆ ಹೋಗಿ, ಲೆವೆಲ್ ಏರಿಸಿಕೊಂಡು ವಾಪಸ್ ಬರಬಹುದು. 2011ರ ಡಾರ್ಕ್ ಸೋಲ್ಸ್‌ನಲ್ಲಿ ಸತ್ತಾಗಲೆಲ್ಲ ದೂರದಿಂದ ಮತ್ತೆ ಬಾಸ್ ತನಕ ಓಡಬೇಕಿತ್ತು. ಇಲ್ಲಿ ಎಷ್ಟೋ ಬಾಸ್‌ಗಳ ಪಕ್ಕದಲ್ಲೇ ಎದ್ದೇಳಬಹುದು. ಅಂದ್ರೆ ಬೇಡದ ಕಷ್ಟವನ್ನು ಮಾಡಿದವರೇ ತೆಗೆದಿದ್ದಾರೆ. ಸಹಾಯ ತಗೊಂಡರೆ ನಾಚಿಕೆ ಅನ್ನೋ ರೂಲ್ ಮಾತ್ರ ಆಡೋರು, ಅಂದ್ರೆ ನಾವೇ, ಸೇರಿಸಿದ್ದು.

ಮಿಯಾಜಾಕಿ ಒಂದು ಸಂದರ್ಶನದಲ್ಲಿ ಹೇಳಿದ ಘಟನೆ ಇದೆ. ಹಿಮ ಬಿದ್ದ ಏರಿನಲ್ಲಿ ಕಾರುಗಳು ಸಾಲಾಗಿ ಸಿಕ್ಕಿಕೊಂಡಿದ್ದವಂತೆ. ಹಿಂದಿನ ಕಾರು ಮುಂದಿನದನ್ನು ತಳ್ಳುತ್ತಾ ತಳ್ಳುತ್ತಾ ಎಲ್ಲರೂ ಹತ್ತಿದರಂತೆ. ನಿಂತು ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ. ಗುರುತಿಲ್ಲದವರು ಒಬ್ಬರಿಗೊಬ್ಬರು ನೆರವಾಗೋ ಆನ್‌ಲೈನ್ ವ್ಯವಸ್ಥೆ ಈ ಗೇಮ್‌ಗಳಿಗೆ ಬಂದಿದ್ದು ಆ ನೆನಪಿನಿಂದ. ಇಂಥ ಗೇಮ್ ಆಡಿಕೊಂಡು ನಾವು ಗೆಳೆಯನಿಗೆ 'ಗಿಟ್ ಗುಡ್', ಮೊದಲು ಆಡೋದು ಕಲಿ ಹೋಗು, ಅಂತ ಹೇಳ್ತಿದ್ವಿ!

ಅವನ ವಿಷಯ ಇನ್ನೂ ಇದೆ. ಪಿಯುಸಿಯಲ್ಲಿ ಬೈಕ್‌ನಿಂದ ಬಿದ್ದು ಅವನ ಬಲಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚೋದಿಲ್ಲ. ಮೆಸ್‌ನಲ್ಲಿ ಅವನು ಚಮಚದಲ್ಲಿ ಊಟ ಮಾಡೋದನ್ನು ನಾವು ದಿನಾ ನೋಡ್ತೀವಿ. ಆದರೂ ಕಂಟ್ರೋಲರ್ ಹಿಡಿದಾಗ ಅದು ನಮ್ಮ ತಲೆಗೇ ಬರಲಿಲ್ಲ. ಮಾರ್ಗಿಟ್ ಹತ್ತಿರ ಅವನು ಸತ್ತಿದ್ದು ನಮಗಿಂತ ಜಾಸ್ತಿ ಸಲ. ಕೈ ನೋವಾದಾಗ ತಟ್ಟನೆ ನಿಲ್ಲಿಸೋಣ ಅಂದ್ರೆ ಸರಿಯಾದ ಪಾಸ್ ಬಟನ್ ಕೂಡ ಇಲ್ಲ. ಇದೇ ಕಂಪನಿಯ 2019ರ ಸೆಕಿರೋದಲ್ಲಿ ಇದೆ, ಆ ಗೇಮೇನೂ ಅದರಿಂದ ಸುಲಭ ಆಗಿಲ್ಲ. ಈ ಒಂದು ವಿಷಯದಲ್ಲಿ ತಪ್ಪು ಗೇಮಿನದ್ದೇ.

ಒಬ್ಬರೇ ಹೊಡೆದು ಗೆದ್ದರೆ ಸಿಗೋ ಖುಷಿ ಬೇರೆ ಅಂತೀರಾ? ಒಪ್ತೀವಿ. ಆ 44ನೇ ಸಲ ನಾವು ಕಿರುಚಿದ್ದಕ್ಕೆ ವಾರ್ಡನ್ನೇ ಬಂದಿದ್ರು. ಆದರೆ ಅದು ನಮ್ಮ ಖುಷಿ, ಇನ್ನೊಬ್ಬರನ್ನು ಅಳೆಯೋ ಸ್ಕೇಲ್ ಅಲ್ಲ. ಕ್ಲಾಸಿನಲ್ಲೂ ನಮ್ಮದು ಇದೇ ಚಾಳಿ. ಡೌಟ್ ಕೇಳಿದವನನ್ನು ನೋಡಿ ನಗ್ತೀವಿ, ಆಮೇಲೆ ಎಕ್ಸಾಮ್ ಹಿಂದಿನ ರಾತ್ರಿ ಅವನ ನೋಟ್ಸ್‌ಗೇ ಪರದಾಡ್ತೀವಿ.

ಕೊನೆಗೆ ಅವನ ಹತ್ತಿರ ಹೋಗಿ ಸಾರಿ ಕೇಳಿದ್ವಿ. "ಬಿಡ್ರೋ" ಅಂದ. ಕಳೆದ ವಾರ ನಾವು ರಾಡಾನ್ ಹತ್ತಿರ ಸಿಕ್ಕಿಹಾಕಿಕೊಂಡಿದ್ವಿ. ಅಲ್ಲಿ ಮರಳಿನ ಮೈದಾನದ ತುಂಬಾ ಜೊತೆಗಾರರನ್ನು ಕರೆಯೋ ಗುರುತುಗಳಿವೆ. ನಾವು ಹಟ ಹಿಡಿದು ಒಬ್ಬರೇ ನುಗ್ಗಿ ನುಗ್ಗಿ ಸಾಯ್ತಿದ್ವಿ. ಅವನು ಹಾಸಿಗೆ ಮೇಲೆ ಕೂತು ನೋಡ್ತಾ ಹೇಳಿದ: "ಕರೀರೋ. ಕರೀಲಿ ಅಂತಾನೇ ಅಲ್ಲಿ ಇಟ್ಟಿರೋದು."

ಕರೆದ್ವಿ. ಗೆದ್ವಿ. ಖುಷಿ ಒಂದು ಚೂರೂ ಕಮ್ಮಿ ಆಗಲಿಲ್ಲ.