ಶೇಕಡ ಎಂಬತ್ತು: ಯಾವುದರ ಶೇಕಡ?

ಏಕಮಾನವಿಲ್ಲದ ಅಳತೆ ಅಳತೆಯೇ ಅಲ್ಲವೆಂದು ಭೌತವಿಜ್ಞಾನದ ಮೊದಲನೆಯ ಪಾಠದಲ್ಲಿಯೇ ನಾವು ಹೇಳಿಕೊಡುತ್ತೇವೆ. ಮೇಜಿನ ಉದ್ದ ಎರಡು ಎಂದಷ್ಟೇ ಬರೆದ ವಿದ್ಯಾರ್ಥಿಗೆ ಅಂಕ ದೊರೆಯುವುದಿಲ್ಲ. ಹೀಗಿದ್ದರೂ ಅದೇ ವಿದ್ಯಾರ್ಥಿ ಮನೆಗೆ ಹೋಗಿ, ಗಣಕಯಂತ್ರದ ತೆರೆಯ ಮೇಲೆ ಉಪಗ್ರಹದ ದೂರದರ್ಶನ ಚಿತ್ರವು ಚೂರುಚೂರಾಗಿ ನಿಂತು ನಿಂತು ಬರುವುದನ್ನು ಕಂಡಾಗ, ಮೂಲೆಯ ಹಸಿರು ಪಟ್ಟಿಯತ್ತ ಒಮ್ಮೆ ಕಣ್ಣು ಹಾಯಿಸಿ, "ಸಂಕೇತ ಶೇಕಡ 80 ಇದೆ, ಡಿಶ್ಶಿನಲ್ಲಿ ದೋಷವಿಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಯಾವುದರಲ್ಲಿ ಶೇಕಡ 80? ನೂರು ಎಂದರೆ ಎಷ್ಟು? ಸೊನ್ನೆ ಎಂದರೆ ಏನು? ಈ ಪ್ರಶ್ನೆಗಳನ್ನು ಕೇಳುವವರು ವಿರಳ. ಕೇಳಲೇಬೇಕೆಂಬುದು ನಮ್ಮ ವಾದ.

ವಿಷಯ ಕ್ಷುಲ್ಲಕವೆಂದು ವಾಚಕರು ಭಾವಿಸಬಾರದು. ಅಂತರಜಾಲದ ಸಂಪರ್ಕ ದುರ್ಬಲವಾಗಿರುವ ಊರುಗಳಿಗೂ ಉಪಗ್ರಹದ ಅಲೆ ಬಂದೇ ಬರುತ್ತದೆ. 2017ರಲ್ಲಿ ಆರಂಭವಾದ ಸ್ವಯಂಪ್ರಭದ ಪಾಠವಾಹಿನಿಗಳು ಆ ಮಾರ್ಗವನ್ನೇ ಅವಲಂಬಿಸಿವೆ. ಉಪಗ್ರಹದ ಗ್ರಾಹಕವನ್ನು ಗಣಕಯಂತ್ರಕ್ಕೆ ಜೋಡಿಸಿದವನು ಪಾಠವನ್ನು ಮುದ್ರಿಸಿಟ್ಟುಕೊಂಡು ತನಗೆ ಬಿಡುವಾದಾಗ ಕೇಳಬಹುದು. ಆ ಪಾಠ ನಡುವೆ ಕಡಿದುಹೋದರೆ ಆಗುವ ನಷ್ಟ ನಿಜವಾದ ನಷ್ಟವೇ.

ಅಲೆ ಬರುವ ದಾರಿಯನ್ನು ಸಂಕ್ಷೇಪವಾಗಿ ನೋಡೋಣ. ಜಿಸ್ಯಾಟ್-15 ಉಪಗ್ರಹವು ಪೂರ್ವ ರೇಖಾಂಶ 93.5 ಡಿಗ್ರಿಯ ನೇರಕ್ಕೆ, ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. (ಇಂತಹ ಉಪಗ್ರಹಗಳನ್ನು ಅವುಗಳ ಸ್ಥಾನದಿಂದ ಕದಲದಂತೆ ಕಾಯುವ ಕೆಲಸದ ಬಹುಪಾಲು ನಡೆಯುವುದು ನಮ್ಮ ಹಾಸನದಲ್ಲಿಯೇ.) ಅಲ್ಲಿಂದ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರು. ಡಿಶ್ಶು ಅದನ್ನು ಒಂದೆಡೆ ಕೂಡಿಸುತ್ತದೆ. ಡಿಶ್ಶಿನ ಮುಂದೆ ಚಾಚಿಕೊಂಡಿರುವ ಎಲ್.ಎನ್.ಬಿ. ಅದರ ಆವೃತ್ತಿಯನ್ನು 950ರಿಂದ 2150 ಮೆಗಾಹರ್ಟ್ಸ್‌ಗಳ ನಡುವಣ ಮಟ್ಟಕ್ಕೆ ಇಳಿಸಿ ಕೇಬಲ್ಲಿಗೆ ಒಪ್ಪಿಸುತ್ತದೆ. ಗ್ರಾಹಕವು ಅದರಲ್ಲಿಯ ತಪ್ಪುಗಳನ್ನು ತಿದ್ದಿ, ತಲಾ 188 ಬೈಟುಗಳ ಪೊಟ್ಟಣಗಳನ್ನಾಗಿ ಗಣಕಯಂತ್ರಕ್ಕೆ ಸಾಗಿಸುತ್ತದೆ. ಚಿತ್ರ ಮೂಡುವುದು ಕಟ್ಟಕಡೆಗೆ. ದೋಷವು ಈ ದಾರಿಯ ಯಾವ ಮೆಟ್ಟಿಲಿನಲ್ಲಿಯಾದರೂ ಇರಬಹುದು. ನೋಡುವವನಿಗೆ ಕಾಣುವುದು ಮಾತ್ರ ಒಂದೇ ಬಗೆಯ ಚೂರುಚಿತ್ರ.

ಈಗ ಹಸಿರು ಪಟ್ಟಿಯ ಮಾತು. ಡಿಶ್ಶನ್ನು ಉಪಗ್ರಹದಿಂದ ಹತ್ತು ಡಿಗ್ರಿ ಆಚೆಗೆ, ಬರಿಯ ಆಕಾಶದ ಕಡೆಗೆ ತಿರುಗಿಸಿ ನೋಡಿರಿ. ಚಿತ್ರ ಮಾಯವಾಗುತ್ತದೆ, ಆದರೆ ಅನೇಕ ಗ್ರಾಹಕಗಳಲ್ಲಿ "ಸಂಕೇತಬಲ"ದ ಪಟ್ಟಿ ಇನ್ನೂ ಅರ್ಧಕ್ಕಿಂತ ಮೇಲೆಯೇ ನಿಂತಿರುತ್ತದೆ! ಕಾರಣ ಸರಳ. ಎಲ್.ಎನ್.ಬಿ.ಯ ಒಳಗಿನ ಎಲೆಕ್ಟ್ರಾನುಗಳ ಉಷ್ಣಚಲನೆಯಿಂದ ಹುಟ್ಟುವ ಗದ್ದಲವೂ ಸಂಕೇತದೊಡನೆಯೇ ವರ್ಧಿಸಲ್ಪಟ್ಟು ಕೆಳಗಿಳಿಯುತ್ತದೆ. ಒಟ್ಟು ಬಲವನ್ನು ಅಳೆಯುವ ಪಟ್ಟಿಗೆ ಮಾತು ಯಾವುದು, ಗದ್ದಲ ಯಾವುದು ಎಂಬ ಭೇದವಿಲ್ಲ. ಜಾತ್ರೆಯಲ್ಲಿ ಗೆಳೆಯನ ಮಾತು ಕೇಳಿಸದಿದ್ದಾಗ ಧ್ವನಿವರ್ಧಕವನ್ನು ತಂದು ಇಡೀ ಜಾತ್ರೆಯ ಸದ್ದನ್ನೇ ಹೆಚ್ಚಿಸಿದರೆ ಏನು ಫಲ? ಕೇಬಲ್ಲಿನ ತುದಿಯಲ್ಲಿ ವರ್ಧಕವೊಂದನ್ನು ಸೇರಿಸಿ ಪಟ್ಟಿಯನ್ನು 95ಕ್ಕೆ ಏರಿಸಿ, ಚಿತ್ರವೇಕೆ ಬರಲಿಲ್ಲವೆಂದು ಬೆರಗಾಗುವವರು ಮಾಡುವುದು ಇದನ್ನೇ.

ಬೇಕಾದುದು ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ, ಅದೂ ಡೆಸಿಬೆಲ್ಲುಗಳಲ್ಲಿ. ಡಿ.ವಿ.ಬಿ.-ಎಸ್2 ಪದ್ಧತಿಯ ಪ್ರಸಾರದಲ್ಲಿ ಒಂದು ಸಾಮಾನ್ಯ ಬಗೆಗೆ, ಅಂದರೆ ಅಲೆಗೆ ಎಂಟು ಪ್ರಾವಸ್ಥೆಗಳಿದ್ದು ಕಳುಹಿಸಿದ ಮೂರು ಬಿಟ್ಟುಗಳಲ್ಲಿ ಎರಡು ಮಾಹಿತಿಗೂ ಒಂದು ತಪ್ಪುತಿದ್ದುವಿಕೆಗೂ ಮೀಸಲಾದ ಬಗೆಗೆ, ಆದರ್ಶ ಸ್ಥಿತಿಯಲ್ಲಿ ಸುಮಾರು 6.6 ಡೆಸಿಬೆಲ್ ಸಾಕು. ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಚಿತ್ರ ನಿರ್ದುಷ್ಟ. ಅರ್ಧ ಡೆಸಿಬೆಲ್ ಕೆಳಗಿಳಿದರೆ ಚಿತ್ರವೇ ಇಲ್ಲ. ಹಳೆಯ ಕಾಲದ ದೂರದರ್ಶನದಂತೆ ಮೆಲ್ಲಮೆಲ್ಲನೆ ಮಂಕಾಗುವ ಇಳಿಜಾರು ಇಲ್ಲಿಲ್ಲ, ಇರುವುದು ಕಡಿದಾದ ಬಂಡೆ. 7 ಡೆಸಿಬೆಲ್ ಇರುವ ಮನೆಯವನು ಬಂಡೆಯ ಅಂಚಿನಲ್ಲಿ ನಿಂತಿದ್ದಾನೆ, 12 ಇರುವವನು ದೂರದಲ್ಲಿದ್ದಾನೆ; ಇಬ್ಬರ ತೆರೆಯ ಮೇಲೂ ಚಿತ್ರ ಒಂದೇ ಸಮನಾಗಿ ಸೊಗಸಾಗಿರುತ್ತದೆ. ಎಷ್ಟು ದೂರದಲ್ಲಿದ್ದೇವೆಂಬುದನ್ನು ತಿಳಿಸದ ಶೇಕಡ ಪಟ್ಟಿ ಅಲಂಕಾರವೇ ಹೊರತು ಉಪಕರಣವಲ್ಲ. ಲಿನಕ್ಸ್ ವ್ಯವಸ್ಥೆಯ ಹಳೆಯ ಕ್ರಮದಲ್ಲಿ ಈ ಅಂಕೆ 0ಯಿಂದ 65,535ರವರೆಗೆ, ಒಂದೊಂದು ಗ್ರಾಹಕಕ್ಕೆ ಒಂದೊಂದು ಅರ್ಥದಲ್ಲಿ ಬರುತ್ತಿತ್ತು. ಹೊಸ ಕ್ರಮದಲ್ಲಿ ಡೆಸಿಬೆಲ್ಲಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಹೇಳಲು ಅವಕಾಶ ಕಲ್ಪಿಸಿದ್ದಾರೆ. ಹೇಳಲು ಸಾಧ್ಯವಿದ್ದರೂ ಹೇಳದ ತಯಾರಕರನ್ನು ಕೊಳ್ಳುವವರು ಪ್ರಶ್ನಿಸಬೇಕು.

ಗಣಕಯಂತ್ರದ ದೊಡ್ಡ ಗುಣವೆಂದರೆ ಅದು ಎಣಿಸುತ್ತದೆ. ಪ್ರತಿ ಪೊಟ್ಟಣದ ತಲೆಬರಹದಲ್ಲಿ 0ಯಿಂದ 15ರವರೆಗಿನ ಒಂದು ಕ್ರಮಾಂಕವುಂಟು. 15 ಆದಮೇಲೆ ಮತ್ತೆ 0. 13ರ ಹಿಂದೆಯೇ 15 ಬಂದರೆ 14 ದಾರಿಯಲ್ಲಿ ಕಳೆದುಹೋಯಿತೆಂದೇ ಅರ್ಥ. ಗ್ರಾಹಕವೂ ತಾನು ತಿದ್ದಲಾರದೆ ಹೋದ ಪೊಟ್ಟಣಗಳ ಲೆಕ್ಕವನ್ನು ಇಟ್ಟಿರುತ್ತದೆ. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟರೆ ದಾರಿ ಎರಡು ಹೋಳಾಗುತ್ತದೆ. ತಿದ್ದಲಾರದವುಗಳ ಸಂಖ್ಯೆ ಏರುತ್ತಿದ್ದರೆ ಮಾಳಿಗೆ ಹತ್ತಿರಿ. ಅದು ಸೊನ್ನೆಯಾಗಿದ್ದೂ ಕ್ರಮಾಂಕ ತಪ್ಪುತ್ತಿದ್ದರೆ ಮಾಳಿಗೆಯಲ್ಲಿ ಕೆಲಸವಿಲ್ಲ. ಪೊಟ್ಟಣ ಕಳೆದದ್ದು ಮೇಜಿನ ಮೇಲೆ, ಯು.ಎಸ್.ಬಿ. ತಂತಿಯಲ್ಲೋ ಗಣಕಯಂತ್ರದ ಒಳಗೋ. ಎರಡೂ ಸರಿಯಿದ್ದು ಚಿತ್ರ ಮಾತ್ರ ಕುಂಟುತ್ತಿದ್ದರೆ ಕಾರ್ಯಕ್ರಮವನ್ನು ಮುದ್ರಿಸಿ ಎರಡು ಸಲ ನೋಡಿರಿ. ಎರಡು ಸಲವೂ ಒಂದೇ ಸ್ಥಳದಲ್ಲಿ ತಡವರಿಸಿದರೆ ದೋಷ ಮುದ್ರಣದಲ್ಲಿದೆ. ಸ್ಥಳ ಬದಲಾದರೆ ಚಿತ್ರವನ್ನು ಬಿಡಿಸುವ ಯಂತ್ರಕ್ಕೆ ಸಾಮರ್ಥ್ಯ ಸಾಲದು. ಒಂದು ಕಾಸೂ ಖರ್ಚಿಲ್ಲದ ಪರೀಕ್ಷೆ ಇದು.

ಇನ್ನೊಂದು ದೋಷವಂತೂ ಭೌತವಿಜ್ಞಾನದ ವಿದ್ಯಾರ್ಥಿಗೆ ಹಬ್ಬದೂಟ. ಎಲ್.ಎನ್.ಬಿ.ಗೆ ವಿದ್ಯುತ್ತು ಅದೇ ಕೇಬಲ್ಲಿನಲ್ಲಿ ಮೇಲೇರಬೇಕು. 13 ವೋಲ್ಟು ಕೊಟ್ಟರೆ ಅದು ಲಂಬವಾಗಿ ಧ್ರುವೀಕೃತವಾದ ಅಲೆಯನ್ನು ಆರಿಸಿಕೊಳ್ಳುತ್ತದೆ, 18 ಕೊಟ್ಟರೆ ಅಡ್ಡ ಅಲೆಯನ್ನು. 18 ವೋಲ್ಟಿನಲ್ಲಿ 150 ಮಿಲಿಆಂಪಿಯರ್ ಹರಿದರೆ 2.7 ವಾಟ್ ಆಯಿತು. ಯು.ಎಸ್.ಬಿ. 2.0 ಕಿಂಡಿ ಕೊಡಬೇಕಾದುದು 5 ವೋಲ್ಟು, 500 ಮಿಲಿಆಂಪಿಯರ್, ಎಂದರೆ 2.5 ವಾಟ್ ಮಾತ್ರ. ಈ ಗುಣಾಕಾರವನ್ನು ಮಾಡದೆ, ಗ್ರಾಹಕದ ಜೊತೆಗೆ ಬಂದ ಪ್ರತ್ಯೇಕ ವಿದ್ಯುತ್ ಪೆಟ್ಟಿಗೆಯನ್ನು ಬದಿಗೆ ಎಸೆದ ಮನೆಯೊಂದನ್ನು ನಾವು ಬಲ್ಲೆವು. ಅಲ್ಲಿ ದುರಸ್ತಿಗೆ ಬಂದವರು ಮೊದಲು ಎಲ್.ಎನ್.ಬಿ., ಬಳಿಕ ಕೇಬಲ್ಲು, ಕೊನೆಗೆ ಡಿಶ್ಶನ್ನೇ ಬದಲಾಯಿಸಿದರು. ಅಡ್ಡ ಅಲೆಯ ವಾಹಿನಿಗಳೆಲ್ಲ ಮಾಯವಾಗಿ ಲಂಬ ಅಲೆಯವೆಲ್ಲ ಉಳಿದಿವೆಯೆಂಬುದನ್ನು ಯಾರೂ ಪಟ್ಟಿ ಮಾಡಿ ನೋಡಲಿಲ್ಲ. ನೋಡಿದ್ದರೆ, ಹೊರೆ ಬಿದ್ದಾಗ 18 ವೋಲ್ಟು ಕುಸಿಯುತ್ತಿದೆಯೆಂದು ಆ ಪಟ್ಟಿಯೇ ಹೇಳುತ್ತಿತ್ತು. ಹೊರೆಯಿಲ್ಲದಾಗ ಅಳೆದ ವೋಲ್ಟೇಜು ಇಲ್ಲಿ ಸಾಕ್ಷಿಯಾಗದು. ಆಂತರಿಕ ರೋಧದ ಪಾಠವನ್ನು ನೆನೆದುಕೊಳ್ಳಿರಿ.

ಒಂದೆರಡು ವಾಹಿನಿಗಳು ಮಾತ್ರ ಕೆಟ್ಟರೆ ಕೇಬಲ್ಲಿನ ತುದಿಯ ಜೋಡಣೆಯನ್ನು ಅನುಮಾನಿಸಬೇಕು. 12,480 ಮೆಗಾಹರ್ಟ್ಸ್ ಅಲೆಯಿಂದ ಎಲ್.ಎನ್.ಬಿ.ಯು 10,600ನ್ನು ಕಳೆದರೆ 1,880 ಉಳಿಯುತ್ತದೆ. ಯೂರೋಪಿನ ಮನೆಗಳ ತಂತಿರಹಿತ ದೂರವಾಣಿ ಕೆಲಸಮಾಡುವುದು 1,880ರಿಂದ 1,900ರ ನಡುವೆ! ನಮ್ಮ ಮೊಬೈಲ್ ಗೋಪುರಗಳ 1,800ರ ಪಟ್ಟಿಯೂ ಅದರ ನೆರೆಯದೇ. ಕವಚ ಸಡಿಲವಾದ ಕೇಬಲ್ಲು ಇವನ್ನೆಲ್ಲ ಒಳಗೆ ಕರೆದುಕೊಳ್ಳುತ್ತದೆ.

ಇಷ್ಟೆಲ್ಲ ಲೆಕ್ಕ ನಮಗೇಕೆ, ಕರೆದರೆ ಕೆಲಸಗಾರ ಬರುತ್ತಾನಲ್ಲ ಎಂಬ ಆಕ್ಷೇಪವುಂಟು. ಬರಲಿ, ಅವನ ಕೈಚಳಕವನ್ನು ನಾವು ಗೌರವಿಸುತ್ತೇವೆ. 60 ಸೆಂಟಿಮೀಟರ್ ಡಿಶ್ಶಿನ ದಿಕ್ಕು ಸುಮಾರು ಒಂದೂವರೆ ಡಿಗ್ರಿ ತಪ್ಪಿದರೆ ದೊರೆಯುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಅಷ್ಟು ಸೂಕ್ಷ್ಮವನ್ನು ಅವನು ಕೈಯಳತೆಯಲ್ಲಿಯೇ ಸಾಧಿಸುತ್ತಾನೆ. ಆದರೆ ಅವನು ಬಂದು ನಿಲ್ಲುವ ಅರ್ಧ ಗಂಟೆಯಲ್ಲಿ ದೋಷ ತಲೆದೋರಲೇಬೇಕೆಂಬ ನಿಯಮವಿಲ್ಲ. ರಾತ್ರಿಯಿಡೀ ಕುಳಿತು ನಿಮಿಷಕ್ಕೊಮ್ಮೆ ಡೆಸಿಬೆಲ್ಲನ್ನು ಬರೆದಿಡುವ ತಾಳ್ಮೆ ಇರುವುದು ಗಣಕಯಂತ್ರಕ್ಕೆ. ಆ ದಾಖಲೆಯನ್ನು ಅವನ ಕೈಗಿತ್ತರೆ ಅವನ ಕೆಲಸವೂ ಹಗುರ, ನಮ್ಮ ಹಣವೂ ಉಳಿತಾಯ.

ದಾಖಲೆಯಲ್ಲಿ ಮಳೆಯ ಹೊತ್ತಿನ ಇಳಿತಗಳು ತಾವಾಗಿಯೇ ಕಾಣುತ್ತವೆ. ಎರಡೂವರೆ ಸೆಂಟಿಮೀಟರ್ ಅಲೆಯನ್ನು ಹೀರಿ ಚದುರಿಸಲು ಹನಿಗಳು ಸಾಕಷ್ಟು ದೊಡ್ಡವು. ಇದಕ್ಕಿಂತ ಸ್ವಾರಸ್ಯವಾದ ಇಳಿತವೊಂದುಂಟು. ಬೆಂಗಳೂರಿನಿಂದ ನೋಡಿದಾಗ ಜಿಸ್ಯಾಟ್-15 ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಮಾರ್ಚ್ 15ರ ಆಸುಪಾಸಿನ ಮತ್ತು ಸೆಪ್ಟೆಂಬರ್ 28ರ ಆಸುಪಾಸಿನ ಕೆಲವು ದಿನ, ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ, ಸೂರ್ಯನು ಸರಿಯಾಗಿ ಅದರ ಹಿಂದೆ ಹಾದುಹೋಗುತ್ತಾನೆ. ಸೂರ್ಯನ ಗದ್ದಲ ಡಿಶ್ಶಿನೊಳಗೆ ನುಗ್ಗಿ, ಡೆಸಿಬೆಲ್ಲಿನ ರೇಖೆ ಕೆಲವೇ ನಿಮಿಷಗಳ ಕಾಲ ಕುಸಿದು ಮತ್ತೆ ಏಳುತ್ತದೆ. ಮರುದಿನ ಅದೇ ಹೊತ್ತಿಗೆ ಮತ್ತೊಮ್ಮೆ. ಸಂಕೇತಬಲದ ಪಟ್ಟಿಯನ್ನು ಆಗಲೂ ಗಮನಿಸಿರಿ: ಚಿತ್ರ ನಿಂತುಹೋದ ಆ ಗಳಿಗೆಯಲ್ಲಿ ಅದು ಎಂದಿಗಿಂತಲೂ ಮೇಲೇರಿರುವ ಸಂಭವವುಂಟು.