ಹಿತ್ತಲ ಗಿಡವೂ ಹೊರನಾಡಿನ ಮದ್ದೂ

ಮಲೆನಾಡಿನಲ್ಲಿ ಮಳೆಗಾಲವೆಂದರೆ ನೆಗಡಿ, ಕೆಮ್ಮು, ಜ್ವರಗಳ ಕಾಲವೂ ಹೌದು. ಬಾಳೂರು, ಜಾವಳಿ, ಕೊಟ್ಟಿಗೆಹಾರದ ಕಡೆ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವವರೆಗೆ ಬಿಡುವು ಕೊಡುವುದು ಅಪರೂಪ. ಮರ ಬಿದ್ದು ದಾರಿ ಕಟ್ಟುತ್ತದೆ, ವಿದ್ಯುತ್ತು ಹೋಗುತ್ತದೆ, ಆಸ್ಪತ್ರೆ ದೂರವಾಗುತ್ತದೆ. ಆಗ ಮನೆಯ ಹಿರಿಯರ ಕೈ ಮೊದಲು ಚಾಚುವುದು ಹಿತ್ತಲ ಕಡೆಗೆ. ಈ ರೂಢಿ ಅನಿವಾರ್ಯದಿಂದ ಹುಟ್ಟಿದ್ದು. ಅದನ್ನು ಅಜ್ಞಾನವೆಂದು ಹಳಿಯುವುದು ಸರಿಯಲ್ಲ.

ಇತ್ತೀಚೆಗೆ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ಎಕಿನೇಸಿಯಾ ಎಂಬ ಗಿಡದ ವಿಚಾರವನ್ನು ಕೇಳುತ್ತಿದ್ದಾರೆ. ಹೊರದೇಶದಲ್ಲಿರುವ ಮಕ್ಕಳು ಅದರ ಮಾತ್ರೆ ತಂದುಕೊಡುತ್ತಾರೆ. ಕೆಲವರು ಬೀಜವನ್ನೇ ತರಿಸಿ ಬಿತ್ತಲು ಹೊರಟಿದ್ದಾರೆ. ಅದು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆಯೇ, ನಮ್ಮ ಮಣ್ಣಿನಲ್ಲಿ ಬದುಕುತ್ತದೆಯೇ ಎಂಬುದು ಅವರ ಪ್ರಶ್ನೆ. ನಮ್ಮ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳುವುದು ಕರ್ತವ್ಯವೆಂದು ಭಾವಿಸುತ್ತೇವೆ.

ಎಕಿನೇಸಿಯಾ ಉತ್ತರ ಅಮೆರಿಕದ ಬಯಲುಗಳ ಗಿಡ. ಅಲ್ಲಿನ ಮೂಲನಿವಾಸಿಗಳು ಅದನ್ನು ಬಹುಕಾಲದಿಂದ ಔಷಧಿಯಾಗಿ ಬಳಸುತ್ತ ಬಂದಿದ್ದಾರೆ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ್ದು. ನಸುನೇರಳೆ ಎಸಳುಗಳ ನಡುವೆ ಮುಳ್ಳುಮುಳ್ಳಾದ ಗುಬಟು ಎದ್ದು ನಿಲ್ಲುವ ಚೆಲುವಾದ ಹೂವು ಅದರದು. ಬಹುವಾರ್ಷಿಕ ಸಸ್ಯವಾದರೂ ಮೊದಲ ವರ್ಷ ಸಾಮಾನ್ಯವಾಗಿ ಎಲೆಯನ್ನಷ್ಟೇ ಬಿಟ್ಟು, ಎರಡನೆಯ ವರ್ಷದಿಂದ ಹೂ ಬಿಡುತ್ತದೆ. ಬೇರನ್ನು ಔಷಧಿಗೆ ತೆಗೆಯುವವರು ಮೂರು ನಾಲ್ಕು ವರ್ಷ ಕಾಯುತ್ತಾರೆ.

ಅದಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಕಾಫಿ ತೋಟದ ಮರಗಳ ನೆರಳು ಒಗ್ಗುವುದಿಲ್ಲ. ನೀರು ಬಸಿದುಹೋಗುವ ಸಡಿಲ ಮಣ್ಣು ಬೇಕು. ಒಮ್ಮೆ ಬೇರೂರಿದರೆ ಬರವನ್ನು ತಾಳುವ ಗಿಡ, ಬುಡದಲ್ಲಿ ನಿಂತ ನೀರನ್ನು ಮಾತ್ರ ತಾಳದು. ಮೂಡಿಗೆರೆ ಸೀಮೆಯ ಮಳೆಗೆ ತೆರೆದ ನೆಲದಲ್ಲಿ ಬಿಟ್ಟರೆ ಬುಡ ಕೊಳೆಯುವ ಸಂಭವವೇ ಹೆಚ್ಚು. ಬೆಳೆಯಲೇಬೇಕೆಂಬ ಆಸೆಯುಳ್ಳವರು ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ನಾಲ್ಕರಿಂದ ಆರು ವಾರ ಫ್ರಿಜ್ಜಿನಲ್ಲಿಟ್ಟು, ಮಳೆ ಹಿಂದೆ ಸರಿದ ಮೇಲೆ ಬಿತ್ತಬಹುದು; ಚಳಿಗಾಲವನ್ನು ಕಂಡ ಬೀಜ ಚೆನ್ನಾಗಿ ಮೊಳೆಯುತ್ತದೆ. ಕೆಂಪು ಮಣ್ಣು, ಮರಳು, ಸ್ವಲ್ಪ ಹಳೆಯ ಗೊಬ್ಬರ ಬೆರೆಸಿದ ಕುಂಡ ಸಾಕು. ಗೊಬ್ಬರ ಹೆಚ್ಚಾದರೆ ಗಿಡ ಸೊಕ್ಕಿ ಬಾಗಿ ಬೀಳುತ್ತದೆ. ಎಳೆಯ ಸಸಿಗಳನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ಮೇಯಬಲ್ಲದು. ಜೂನ್ ಬರುವ ಮೊದಲು ಕುಂಡವನ್ನು ಗಾಳಿ ಬೆಳಕುಳ್ಳ ಸೂರಿನ ಕೆಳಗೆ ತರಬೇಕು.

ಅಂಗಳದ ಹೂವಾಗಿ ಅದನ್ನು ಬೆಳೆಯುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಜೇನುನೊಣಗಳಿಗೂ ಅದು ಪ್ರಿಯ. ಮದ್ದೆಂದು ನಂಬಿ ಬೆಳೆಯುವವರಿಗೆ ಮಾತ್ರ ನಾಲ್ಕು ಮಾತು ಹೇಳಬೇಕಾಗಿದೆ. ನೆಗಡಿಗೆ ಎಕಿನೇಸಿಯಾ ಕೊಟ್ಟು ನಡೆಸಿದ 24 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2014ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಕೆಲವು ತಯಾರಿಕೆಗಳಿಂದ ಅಲ್ಪ ಪ್ರಯೋಜನ ಇದ್ದರೂ ಇರಬಹುದು, ಆದರೆ ಬಂದ ನೆಗಡಿಯನ್ನು ಅದು ಗುಣಪಡಿಸುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ ಎಂಬುದು ಅವರ ನಿರ್ಣಯದ ಸಾರ. ಅದರ ಒಂದು ತಯಾರಿಕೆಗೂ ಇನ್ನೊಂದಕ್ಕೂ ಸತ್ವದಲ್ಲಿ ಬಹಳ ಅಂತರವಿದೆ. ಕುಂಡದಿಂದ ಕಿತ್ತ ಎಲೆಯಲ್ಲಿ ಎಷ್ಟು ಸತ್ವವಿದೆಯೆಂದು ಅಳೆಯುವ ಬಗೆ ನಮ್ಮಲ್ಲಿಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ನೆಗಡಿಗೆ ಕೊಡುವ ಎಕಿನೇಸಿಯಾ ರಸವನ್ನು 12 ವರ್ಷದೊಳಗಿನ ಮಕ್ಕಳಿಗೆ ಸಲಹೆ ಮಾಡುವುದಿಲ್ಲ. ದೊಡ್ಡವರೂ 10 ದಿನ ಮೀರಿ ಸೇವಿಸಬಾರದೆನ್ನುತ್ತದೆ. ನಮ್ಮೂರಿನ ರಸ್ತೆಬದಿಯ ಕಾಂಗ್ರೆಸ್ ಹುಲ್ಲು ಕೂಡ ಅಮೆರಿಕದಿಂದ ಬಂದ, ಇದೇ ಕುಟುಂಬದ ಸಸ್ಯ. ಅದು ತಗುಲಿ ಮೈ ತುರಿಸುವ, ಉಸಿರು ಕಟ್ಟುವ ತೊಂದರೆಯುಳ್ಳವರು ಎಕಿನೇಸಿಯಾದಿಂದ ದೂರವಿರುವುದು ಕ್ಷೇಮ.

ಹಾಗಾದರೆ ಕೆಮ್ಮು ನೆಗಡಿಗೆ ನಮ್ಮ ಹಿತ್ತಲಲ್ಲಿ ಏನಿರಬೇಕು? ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಮನೆಯ ಬಳಿಯದನ್ನು ಅಸಡ್ಡೆ ಮಾಡುವ ನಮ್ಮ ಸ್ವಭಾವವನ್ನು ಚುಚ್ಚುತ್ತದೆ. ಬೇಲಿಯಲ್ಲಿ ತಾನಾಗಿ ಬೆಳೆಯುವ ಆಡುಸೋಗೆಯನ್ನೇ ನೋಡಿ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಔಷಧಿ ರೂಪುಗೊಂಡಿತು. ಅಂಗಡಿಯ ಹಲವು ಕೆಮ್ಮಿನ ಸಿರಪ್ಪುಗಳಲ್ಲಿ ಇಂದಿಗೂ ಅದಿದೆ. ಆಡುಸೋಗೆಯ ಬಲಿತ ಕಡ್ಡಿಯನ್ನು ಮಳೆ ಹಿಡಿಯುವಾಗ ಊರಿದರೆ ಸಾಕು, ಚಿಗುರುತ್ತದೆ; ದನಕರುಗಳು ಅದಕ್ಕೆ ಬಾಯಿ ಹಾಕುವುದು ಕಡಿಮೆ. ದೊಡ್ಡಪತ್ರೆಯ ತುಂಡನ್ನು ಸೂರಿನಡಿಯ ಕುಂಡದಲ್ಲಿ ನೆಡಬೇಕು, ಬಿರುಮಳೆಗೆ ಅದು ಕೊಳೆಯುತ್ತದೆ. ಒಂದೆಲಗಕ್ಕೆ ಬಚ್ಚಲ ನೀರು ಹರಿಯದ, ತೇವವಿರುವ ಮೂಲೆಯೊಂದು ಸಾಕು. ಅಮೃತಬಳ್ಳಿಯ ಕಡ್ಡಿಯನ್ನು ಮರದ ಬುಡದಲ್ಲಿಟ್ಟರೆ ತಾನೇ ಹಬ್ಬುತ್ತದೆ. ಇವೆಲ್ಲ ನಮ್ಮ ಹವೆಯನ್ನು ಬಲ್ಲ ಗಿಡಗಳು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಗಾದೆಯನ್ನು ತಿರುಗಿಸಿ, ಹಿತ್ತಲ ಗಿಡವೆಲ್ಲ ಮದ್ದೆಂದು ತಿಳಿಯುವುದೂ ಅಷ್ಟೇ ತಪ್ಪು. 2021ರಲ್ಲಿ, ಕೊರೋನಾದ ಭಯದಲ್ಲಿ ಜನ ಅಮೃತಬಳ್ಳಿಯನ್ನು ಮಿತಿಯಿಲ್ಲದೆ ಕುಡಿಯುತ್ತಿದ್ದಾಗ, ಅದನ್ನು ಸೇವಿಸಿದ್ದ ಆರು ಮಂದಿ ರೋಗಿಗಳ ಯಕೃತ್ತಿಗೆ ಆದ ಹಾನಿಯನ್ನು ಮುಂಬಯಿಯ ವೈದ್ಯರು ವರದಿ ಮಾಡಿದರು. ಸರಿಯಾದ ಅಮೃತಬಳ್ಳಿಯಿಂದ ಅಪಾಯವಿಲ್ಲ, ಅದನ್ನು ಹೋಲುವ ಬೇರೊಂದು ಬಳ್ಳಿಯನ್ನು ಬಳಸಿರಬಹುದು ಎಂಬುದು ಆಯುಷ್ ಸಚಿವಾಲಯದ ಉತ್ತರವಾಗಿತ್ತು. ವಾದ ಏನೇ ಇರಲಿ, ಬಳ್ಳಿಯನ್ನು ಬಲ್ಲವರಿಂದ ಗುರುತಿಸಿಕೊಳ್ಳದೆ, ವೈದ್ಯರನ್ನು ಕೇಳದೆ ದಿನವೂ ಕುಡಿಯುವುದು ಸಲ್ಲದೆಂಬ ಪಾಠ ಎರಡೂ ಕಡೆಯಿಂದ ಒಂದೇ. ಆಡುಸೋಗೆಯನ್ನು ಗರ್ಭಿಣಿಯರು ಮುಟ್ಟಬಾರದು. ಅದು ಗರ್ಭಕೋಶವನ್ನು ಕೆರಳಿಸುವ ಗುಣವುಳ್ಳದ್ದು.

ಕಾಫಿ ಸೀಮೆಯವರಾದ ನಾವು ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿಯಿದೆ. ಕಾಫಿಯ ಎಲೆತುಕ್ಕಿಗೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ಕಳೆಗೆ ಕಳೆನಾಶಕ ಹೊಡೆಯುತ್ತೇವೆ. ಆ ತೋಟದ ಅಂಚಿನಿಂದಲೇ ಒಂದೆಲಗ ಕಿತ್ತು ತಂಬುಳಿ ಮಾಡಿ ಮಕ್ಕಳಿಗೆ ಬಡಿಸಿದರೆ, ನಾವು ಮದ್ದು ಕೊಟ್ಟೆವೋ ವಿಷ ಕೊಟ್ಟೆವೋ? ಮೊದಲು ಗದ್ದೆಯ ಬದುವಿನಲ್ಲಿ, ಕಾಲುವೆಯ ಪಕ್ಕದಲ್ಲಿ ಧಾರಾಳವಾಗಿ ಸಿಗುತ್ತಿದ್ದ ಸೊಪ್ಪುಗಳಿಗೆ ಕಳೆಯೆಂಬ ಹೆಸರು ಕೊಟ್ಟು ಸುಟ್ಟು, ಕಡಲಾಚೆಯಿಂದ ಮಾತ್ರೆ ತರಿಸುವುದು ವಿಪರ್ಯಾಸವಲ್ಲದೆ ಮತ್ತೇನು? ಆದುದರಿಂದ ಪ್ರತಿ ಮನೆಯೂ ಹತ್ತಡಿ ಉದ್ದಗಲದ ಜಾಗವನ್ನಾದರೂ ತೋಟದ ಸಿಂಪಡಣೆ ತಾಗದಷ್ಟು ದೂರದಲ್ಲಿ ಮೀಸಲಿಡಬೇಕೆಂಬುದು ನಮ್ಮ ಕೋರಿಕೆ. ತೋಟದ ಮಾಲೀಕರು ಲೈನು ಮನೆಗಳ ಕಾರ್ಮಿಕರಿಗೂ ಅಂಥ ಜಾಗ ಬಿಟ್ಟುಕೊಟ್ಟರೆ ಅದೂ ಒಂದು ದಾಸೋಹವೇ.

ಎಲ್ಲಕ್ಕಿಂತ ಮುಖ್ಯವಾದದ್ದು ಜ್ವರದ ವಿಷಯ. ನೆಗಡಿಯೊಂದಿಗೆ ಬರುವ ಸಣ್ಣ ಜ್ವರ ಬೇರೆ, ಈ ಮಲೆನಾಡಿನ ಜ್ವರಗಳು ಬೇರೆ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ನಮ್ಮ ಜಿಲ್ಲೆಯನ್ನೂ ಬಿಟ್ಟಿಲ್ಲ. ಉಣುಗಿನ ಕಡಿತದಿಂದ ಬರುವ ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಬೇಸಿಗೆಯ ಒಣ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಇಲಿಜ್ವರ, ಡೆಂಗಿ ಇವೆ. ಇಲಿಜ್ವರಕ್ಕೆ ಬೇಗ ಔಷಧಿ ಬಿದ್ದರೆ ಗುಣವಾಗುತ್ತದೆ. ತಡವಾದರೆ ಮೂತ್ರಪಿಂಡ, ಯಕೃತ್ತುಗಳನ್ನು ಹಿಡಿಯುತ್ತದೆ. ಇಂಥ ಜ್ವರಕ್ಕೆ ಎಕಿನೇಸಿಯಾವೂ ಉತ್ತರವಲ್ಲ, ಅಮೃತಬಳ್ಳಿಯೂ ಅಲ್ಲ. ಕಷಾಯ ಕುಡಿಸುತ್ತ ಕಳೆದ ಮೂರು ದಿನಗಳೇ ಪ್ರಾಣದ ಬೆಲೆಯಾಗಬಹುದು. ಜ್ವರ ಎರಡು ದಿನ ಮೀರಿದರೆ, ಅಥವಾ ಉಸಿರಾಟದ ತೊಂದರೆ, ವಿಪರೀತ ಮೈಕೈನೋವು, ರಕ್ತಸ್ರಾವ, ಕಣ್ಣು ಹಳದಿಯಾಗುವುದು, ಮಂಪರು ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕುಡಿಸಿದ ಕಷಾಯ ಯಾವುದೆಂದು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವೃತ್ತಿಯೇ ಆತನ ಕಾಯಕ. ಕಾಯಕವೆಂದರೆ ಅರಿತು ಮಾಡುವ ಕೆಲಸ, ಅರಿಯದುದನ್ನು ಅರಿತವರಿಗೆ ಒಪ್ಪಿಸುವ ವಿನಯವೂ ಅದರೊಳಗೇ ಸೇರಿದೆ. ಕಾಯವನ್ನು ಪ್ರಸಾದಕಾಯವೆಂದು ನಂಬಿದವರು ಅದಕ್ಕೆ ಏನನ್ನು ಕೊಡುತ್ತಿದ್ದೇವೆಂಬುದನ್ನು ತಿಳಿದು ಕೊಡಬೇಕಲ್ಲವೇ? ಈ ಮಳೆಗಾಲಕ್ಕೆ ಮುಂಚೆ ಮನೆಗೊಂದು ಆಡುಸೋಗೆ, ಒಂದು ದೊಡ್ಡಪತ್ರೆ ನೆಡೋಣ. ಆಸೆಯಿದ್ದವರು ಎಕಿನೇಸಿಯಾದ ಹೂವನ್ನೂ ನೋಡಿ ನಲಿಯಲಿ. ಸಮೀಪದ ಆರೋಗ್ಯ ಕೇಂದ್ರದ ಮತ್ತು ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆಗಳನ್ನು ಅಡುಗೆಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಲು ಮಾತ್ರ ಯಾರೂ ಮರೆಯದಿರಲಿ.